ಮರೆ ಹಾಕುವ ಮೆಷಿನು

ನನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಕಣ್ಣು ಮಂದವಾಗಿದೆ ಅಂತಲ್ಲ, ಚಿಕ್ಕಂದಿನಿಂದಲೂ ಹೀಗೇ. ನನ್ನ ಅತ್ತೆ ಬದುಕಿದ್ದಷ್ಟು ದಿನವೂ ಈ ಒಂದು ಕಾರಣಕ್ಕೆ ನನ್ನನ್ನು ಪೂರ್ತಿ ಹೆಂಗಸೆಂದು ಒಪ್ಪಲಿಲ್ಲ. ಆದರೆ ಒಂದು ದಪ್ಪ ಕಬ್ಬಿಣದ ಹಲಗೆ ಕೊಟ್ಟು, ಇದರ ತೂತಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಹಾಗೆ ಸುತ್ತು ಗೀರು ಹಾಕು ಎಂದರೆ ಹಾಕುತ್ತೇನೆ. ಅತ್ತೆ ಇದನ್ನು ನೋಡಲಿಲ್ಲ. ನೋಡಿದ್ದರೂ, “ಅದೆಲ್ಲಾ ಸೆರಿ, ರವಿಕೆ ಗುಂಡಿ ಯಾರು ಹಾಕ್ತಾರೆ?” ಎನ್ನುತ್ತಿದ್ದರೇ ಹೊರತು ಬೇರೇನೂ ಹೇಳುತ್ತಿರಲಿಲ್ಲ.

ಆ ಸುತ್ತು ಗೀರಿಗೆ ನಮ್ಮ ಕಡೆ ‘ಮರೆ’ ಎನ್ನುತ್ತಾರೆ. ಅದು ತಮಿಳಿನ ಮಾತು. ಪುಸ್ತಕದ ಕನ್ನಡದಲ್ಲಿ ಮರೆ ಎಂದರೆ ನೆನಪಿನಿಂದ ಬಿಡುವುದು, ಇಲ್ಲವೇ ಯಾವುದರದೋ ಹಿಂದೆ ಅಡಗುವುದು. ಬೋಲ್ಟಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮನೆಮಾತು ಕನ್ನಡ. ಹಿರಿಯರು ಯಾವ ಕಾಲದಲ್ಲೋ ದನ ಹೊಡೆದುಕೊಂಡು ಕಂಬಂ ಕಣಿವೆಗೆ ಬಂದರಂತೆ. ದನ ಅಲ್ಲಿ ಮಲಗಿದವು, ಏಳಲಿಲ್ಲ, ನಾವೂ ಏಳಲಿಲ್ಲ. ಅಂದು ಬಾಯಲ್ಲಿ ತಂದ ಕನ್ನಡಕ್ಕೆ ತಮಿಳಿನ ನೀರು ಬೆರೆಸುತ್ತ ಬೆರೆಸುತ್ತ ಇಂದು ಯಾವುದು ಹಾಲು ಯಾವುದು ನೀರು ಎಂದು ಹೇಳುವವರಿಲ್ಲ. ನಮ್ಮವರಿಗೆ ಕನ್ನಡದ ಅಕ್ಷರ ಗೊತ್ತಿಲ್ಲ. ನನಗೆ ಗೊತ್ತಿರುವುದು, ಹುಡುಗಿಯಾಗಿದ್ದಾಗ ಕೊಳ್ಳೇಗಾಲದ ಚಿಕ್ಕಮ್ಮನ ಮನೆಯಲ್ಲಿ ಕೆಲವು ವರ್ಷ ಇದ್ದು ಶಾಲೆಗೆ ಹೋದದ್ದರಿಂದ. ಹೀಗಾಗಿ ಬೋಲ್ಟು ಸಡಿಲಾಗಿ ಸುಮ್ಮನೆ ಗಿರಗಿರ ತಿರುಗಿದಾಗ ಯಾರಾದರೂ “ಮರೆ ಹೋಯ್ತು” ಎಂದರೆ, ಯಾರಿಗೋ ಏನೋ ನೆನಪು ತಪ್ಪಿತೆಂದು ನನಗೊಂದು ಕ್ಷಣ ಗಾಬರಿಯಾಗುತ್ತದೆ. ಬುದ್ಧಿ ಸ್ವಲ್ಪ ಓರೆಯಾದವನಿಗೂ ತಮಿಳಿನಲ್ಲಿ ಮರೆ ಕಳಚಿದವನು ಎನ್ನುತ್ತಾರೆ. ಎರಡು ಭಾಷೆಯ ನಡುವೆ ಬದುಕುವವರಿಗೆ ಇಂಥ ಗಾಬರಿಗಳು ಪುಕ್ಕಟೆ.

ನಮ್ಮದು ಬೋಡಿನಾಯಕನೂರಿನಲ್ಲಿ, ಮಲೆ ಹತ್ತುವ ರಸ್ತೆಯ ಬದಿಗೆ ಒಂದು ವರ್ಕ್‌ಶಾಪು. ಮುಂದೆ ಕೆಲಸದ ಜಾಗ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಏಲಕ್ಕಿ ಒಣಗಿಸುವ ಯಂತ್ರಗಳನ್ನು ಮಾಡುವುದು, ಕೆಟ್ಟರೆ ರಿಪೇರಿ ಮಾಡುವುದು ಕಸುಬು. ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬರೆದರೆ ದೋಷವಿಲ್ಲವೆಂದುಕೊಂಡಿದ್ದೇನೆ: ಬೊಮ್ಮಯ್ಯ. ಅವರ ಜೊತೆಗೆ ಮದುವೆಗೂ ಮೊದಲಿನಿಂದ ಇರುವವನು ಸುರುಳಿ. ತಮಿಳರವನು; ನಮ್ಮೊಂದಿಗೆ ಇದ್ದೂ ಇದ್ದೂ ನಮ್ಮ ಮನೆಯ ಕನ್ನಡ ಕಲಿತವನು. ಲೇಥಿನ ಮುಂದೆ ನಿಂತು ಕಬ್ಬಿಣದ ಸುರುಳಿಗಳನ್ನು ಕೆಡವುವವನಿಗೆ ಸುರುಳಿ ಎಂಬ ಹೆಸರು ಸಿಕ್ಕಿದ್ದು ಎಷ್ಟು ಚಂದ ಎಂದು ಒಮ್ಮೆ ನಾನು ವಿವರಿಸಿದ್ದೆ. ಅವನು ಕೇಳಿ, “ಅದು ನಮ್ಮ ಕುಲದೇವರ ಹೆಸರು ಅಕ್ಕಾ” ಎಂದು ಹೇಳಿ ಲೇಥಿಗೆ ತಿರುಗಿಕೊಂಡ.

ಮರೆ ಹಾಕುವುದು ಮಾತ್ರ ಯಜಮಾನರದೇ ಕೆಲಸವಾಗಿತ್ತು. ಟ್ಯಾಪು ಎಂಬ ಗಟ್ಟಿ ಉಕ್ಕಿನ, ಹಲ್ಲುಳ್ಳ ಕಡ್ಡಿಯನ್ನು ತೂತಿನ ಬಾಯಿಗೆ ನೆಟ್ಟಗೆ ನಿಲ್ಲಿಸಿ, ಹಿಡಿಯ ಎರಡೂ ತುದಿ ಹಿಡಿದು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮುಂದೆಯೇ ಹೋಗುತ್ತಿದ್ದರೆ ಪುಡಿ ಕಟ್ಟಿಕೊಂಡು ಟ್ಯಾಪು ಮುರಿಯುತ್ತದೆ. ಮುರಿದರೆ ಕತೆ ಮುಗಿಯಿತು. ಟ್ಯಾಪು ಕಬ್ಬಿಣಕ್ಕಿಂತ ಗಟ್ಟಿ. ಒಳಗೆ ಉಳಿದ ತುಂಡನ್ನು ಕೊರೆದು ತೆಗೆಯೋಣವೆಂದರೆ ಕೊರೆಯುವ ಮೊನೆಯೇ ಸವೆಯುತ್ತದೆ. ಎಷ್ಟೋ ದಿನ ಕೂತು ಮಾಡಿದ ಹಲಗೆ ಒಂದು ತುಂಡು ಉಕ್ಕಿನಿಂದ ಗುಜರಿಗೆ ಹೋಗುತ್ತದೆ. ಅವರ ಕೈಯಲ್ಲಿ ಟ್ಯಾಪು ಮುರಿದದ್ದನ್ನು ನಾನು ಕಂಡಿರಲಿಲ್ಲ. ಅವರು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ತೂತಿಗೂ ಬಿಡುತ್ತಿದ್ದರು. ನನ್ನ ತಲೆಗಿಂತ ಕಬ್ಬಿಣಕ್ಕೇ ಹೆಚ್ಚು ಎಣ್ಣೆ ಹೋಗುತ್ತದೆಂದು ನಾನು ಜಗಳವಾಡುತ್ತಿದ್ದೆ. ಎಂಥ ಸುಖದ ಜಗಳ.

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು. ಬೀಡಿ ಹೊಸೆಯುವವರ ಹಾಗೆ ಬೆರಳು ತನ್ನಷ್ಟಕ್ಕೆ ಏನನ್ನೋ ಹೊಸೆಯುತ್ತಿತ್ತು. ಅವರು ಕೈಯನ್ನು ಟವೆಲಿನೊಳಗೆ ಇಟ್ಟುಕೊಂಡು ಓಡಾಡಿದರು. ಆಮೇಲೆ ಟ್ಯಾಪುಗಳು ಮುರಿಯತೊಡಗಿದವು. ಅಂಗಡಿಯವನು ಕಳಪೆ ಮಾಲು ಕೊಡುತ್ತಿದ್ದಾನೆಂದು ಬೈದರು, ಅಂಗಡಿ ಬದಲಾಯಿಸಿದರು, ಮುರಿಯುವುದು ನಿಲ್ಲಲಿಲ್ಲ. ತೇನಿಯಲ್ಲಿ ಡಾಕ್ಟರು ಅವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, ಇದು ಮಿದುಳಿನಿಂದ ಬರುವ ಕಾಯಿಲೆ, ಔಷಧಿ ಇದನ್ನು ತಡೆದು ನಿಧಾನ ಮಾಡುತ್ತದೆ, ಹಿಂದಕ್ಕೆ ಕಳಿಸುವುದಿಲ್ಲ ಎಂದರು. ಹೊರಗೆ ಬಂದ ಮೇಲೆ ಯಜಮಾನರು ಕೇಳಿದ್ದು ಒಂದೇ: “ವೇಲೆ ಮಾಡಬೋದಾ ಕೂಡದಾ ಅಂತ ಕೇಳಿದೆಯಾ?” ವೇಲೆ ಎಂದರೆ ಕೆಲಸ. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ನಾನು ಕೇಳಿದ್ದೆ.

ಮೆಷಿನಿನ ವಿಷಯ ಹೇಳಿದವನು ಸುರುಳಿ. ಕೈಯಲ್ಲಿ ಹಿಡಿಯುವಂಥದು, ಕರೆಂಟಿನದು. ನೋಡಲು ಕೊರೆಯುವ ಡ್ರಿಲ್ಲಿನ ಹಾಗೇ ಇರುತ್ತದೆ, ಆದರೆ ನಿಧಾನಕ್ಕೆ, ಬಲವಾಗಿ ತಿರುಗುತ್ತದೆ. ಒತ್ತಿದರೆ ಒಳಗೆ ಹೋಗುತ್ತದೆ, ಹಿಂದಕ್ಕೆ ಎಳೆದರೆ ತಾನೇ ತಿರುಗಿ ಹೊರಗೆ ಬರುತ್ತದೆ. ತಲೆ ಬದಲಾಯಿಸಿ ರೀಮರ್ ಹಾಕಿದರೆ ತೂತಿನ ಒಳಗೋಡೆಯನ್ನು ಒಂದಿಷ್ಟು ಸವರಿ ಸರಿಯಾದ ಅಳತೆಗೆ ತರುತ್ತದೆ. “ಮೆಷಿನಿಗೆ ನರ ಇಲ್ಲ ಅಕ್ಕಾ. ನರ ಇಲ್ಲದ್ದಕ್ಕೆ ನಡುಕ ಎಲ್ಲಿಂದ ಬರುತ್ತೆ?” ಎಂದ. ಇಷ್ಟು ಸರಳವಾದ ತರ್ಕವನ್ನು ನಂಬದಿರಲು ನನಗೆ ಧೈರ್ಯ ಸಾಲಲಿಲ್ಲ.

ನಾನೂ ಸುರುಳಿಯೂ ದಿಂಡಿಗಲ್ಲಿಗೆ ಹೋದೆವು. ಬೀಗಕ್ಕೆ ಹೆಸರಾದ ಊರು ಅದು. ಈಗ ಬೀಗ ಮಾಡುವವರಿಗಿಂತ ಬಿರಿಯಾನಿ ಮಾಡುವವರೇ ಹೆಚ್ಚು. ಆದರೂ ಕಬ್ಬಿಣದ ಸಾಮಾನು ಮಾರುವ ಬೀದಿಗಳಲ್ಲಿ ಇನ್ನೂ ಅರದ ಸದ್ದು ಕೇಳುತ್ತದೆ. ಅಂಗಡಿಯವನು ಒಂದು ಪಟ್ಟಿಯಲ್ಲಿ ಮರೆ ಹಾಕಿ ತೋರಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಹೋಗಿ ಬಂತು. ವತ್ತಲಗುಂಡು ಹಾದು ಬರುವ ಬಸ್ಸಿನಲ್ಲಿ ಮೆಷಿನನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಬಾಣಂತನ ಮುಗಿಸಿ ಕೂಸನ್ನು ಗಂಡನ ಮನೆಗೆ ತರುವವಳ ಹಾಗೆ, ಬಸ್ಸು ಕುಲುಕಿದಾಗಲೆಲ್ಲ ಅದರ ಮೇಲೆ ಕೈ ಇಡುತ್ತಿದ್ದೆ. ಪಕ್ಕದ ಹೆಂಗಸು ಮಿಕ್ಸಿಯಾ ಎಂದು ಕೇಳಿದಳು. ಹೌದು ಎಂದೆ.

ಯಜಮಾನರು ಅದನ್ನು ಕೈಗೆತ್ತಿಕೊಂಡಾಗ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಒಂದು ಬೆಳಕು ಬಂತು. ತಿರುಗಿಸಿ ಮುರುಗಿಸಿ ನೋಡಿದರು. ಒಂದು ಹಲಗೆ ಹಿಡಿಸಿ, ಎಣ್ಣೆ ಬಿಟ್ಟು, ಟ್ಯಾಪನ್ನು ತೂತಿಗೆ ಇಟ್ಟರು. ಮೆಷಿನಿಗೆ ನರ ಇಲ್ಲದಿರುವುದು ನಿಜ. ಆದರೆ ಅದನ್ನು ಹಿಡಿಯುವುದು ಕೈ. ಅದನ್ನು ನೆಟ್ಟಗೆ ಹಿಡಿಯಬೇಕು, ಅದು ತಿರುಗುವಾಗ ಕೈಯನ್ನೂ ತಿರುವಲು ನೋಡುತ್ತದೆ, ಆಗ ಬಿಗಿಯಾಗಿ ನಿಲ್ಲಬೇಕು. ಕೈ ನಡುಗಿತು, ಮೆಷಿನು ನಡುಗಿತು, ಟ್ಯಾಪು ‘ಟಕ್’ ಎಂದಿತು. ಎರಡನೆಯದೂ ಹಾಗೇ ಆಯಿತು. ಅವರು ಮೆಷಿನನ್ನು ಮೇಜಿನ ಮೇಲಿಟ್ಟು ನಕ್ಕರು. ಬೈದಿದ್ದರೆ, ಎಸೆದಿದ್ದರೆ ನನಗೆ ಒಳ್ಳೆಯದಿತ್ತು. ನಮ್ಮನ್ನು ಸಮಾಧಾನ ಮಾಡಲು ನಕ್ಕರು.

ಸುರುಳಿಗೆ ಲೇಥಿನ ಕೆಲಸವೇ ಕೈತುಂಬ ಇತ್ತು. ಅವರು ನನ್ನನ್ನು ನೋಡಿ, “ನೀ ಪಿಡಿ” ಎಂದರು.

ಇಲ್ಲಿ ಒಂದು ಮಾತು. ‘ಹಿಡಿ’ ಎನ್ನುವುದಕ್ಕೆ ನಮ್ಮ ಮನೆಗಳಲ್ಲಿ ‘ಪಿಡಿ’ ಎನ್ನುತ್ತಾರೆ. ತಮಿಳಿನಿಂದ ಬಂತೋ, ಹಳಗನ್ನಡದ ಪಕಾರವೇ ದನಗಳ ಜೊತೆ ಮಲಗಿ ಎದ್ದೇಳದೆ ಉಳಿಯಿತೋ ತಿಳಿದವರು ಹೇಳಬೇಕು. ಕೊಳ್ಳೇಗಾಲದಲ್ಲಿ ಚಿಕ್ಕಮ್ಮನ ಮಕ್ಕಳು ಇದಕ್ಕೆ ನನ್ನನ್ನು ನಗೆಯಾಡುತ್ತಿದ್ದರು. ಅಂದು ಮಾತ್ರ ಆ ಮಾತಿಗೆ ನಗು ಬರಲಿಲ್ಲ.

ನಾನು ಹಿಡಿದೆ. ಅವರು ನನ್ನ ಹಿಂದೆ ನಿಂತು ಎಡಗೈಯನ್ನು ನನ್ನ ಹೆಗಲ ಮೇಲಿಟ್ಟರು. “ಕೋಣಲಾ ಐತೆ. ಬಲಕ್ಕೆ ಒಂದಿಷ್ಟು. ಇಷ್ಟಲ್ಲ, ಇಷ್ಟು. ನೇರಾ ಪಿಡಿ. ಈಗ ಒತ್ತು. ಪಯಪಡಬೇಡ, ಅದು ನಿನ್ನ ಕಚ್ಚೋದಿಲ್ಲ.” ಕೋಣಲು ಎಂದರೆ ಸೊಟ್ಟ. ನನ್ನ ಬದುಕಿನಲ್ಲಿ ಸೊಟ್ಟಗಿರುವುದನ್ನೆಲ್ಲ ಅಲ್ಲಿಯವರೆಗೆ ಅವರು ಸುಮ್ಮನೆ ಸಹಿಸಿಕೊಂಡಿದ್ದರೆಂದು ಆಗ ಗೊತ್ತಾಯಿತು. ಮೊದಲ ಮರೆ ಬಿತ್ತು. ಬೋಲ್ಟು ಹಾಕಿ ನೋಡಿದರು, ಬೆರಳಲ್ಲೇ ತಿರುಗಿ ಕೆಳಗಿಳಿಯಿತು. “ಪರವಾಯಿಲ್ಲೆ” ಎಂದರು. ಮದುವೆಯಾದಾಗಿನಿಂದ ನನ್ನ ಸಾರಿಗೂ ಅವರು ಇದಕ್ಕಿಂತ ದೊಡ್ಡ ಬಿರುದು ಕೊಟ್ಟಿರಲಿಲ್ಲ.

ಹಾಗೆ ಕೆಲವು ತಿಂಗಳು ಕಳೆದೆವು. ಅವು ನಮ್ಮ ಒಳ್ಳೆಯ ತಿಂಗಳುಗಳು ಎಂದು ಈಗ ಅನಿಸುತ್ತದೆ. ಕಣ್ಣು ಅವರದು, ಕೈ ನನ್ನದು. ಹೆಗಲ ಮೇಲಿನ ಕೈ ಮೆಲ್ಲಗೆ ನಡುಗುತ್ತಿತ್ತು. ಮೆಷಿನಿನ ನಡುಕ ಯಾವುದು, ಅವರದು ಯಾವುದು ಎಂದು ನನಗೆ ಬೇರೆಯಾಗಿ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ವಯಸ್ಸಾದ ಗಂಡಹೆಂಡಿರು ಹಗಲು ಹೊತ್ತಿನಲ್ಲಿ ರಸ್ತೆಗೆ ಕಾಣುವಂತೆ ಇಷ್ಟು ಹತ್ತಿರ ನಿಲ್ಲಲು ಬೋಡಿಯಲ್ಲಿ ಇನ್ನಾವ ನೆಪವೂ ಇಲ್ಲ.

ಏಲಕ್ಕಿ ಕೊಯ್ಲು ಶುರುವಾದಾಗ ಮಲೆಯ ಮೇಲಿನ ಒಂದು ಎಸ್ಟೇಟಿನಿಂದ ಕರೆ ಬಂತು. ಅವರ ಸ್ಟೋರಿನಲ್ಲಿ, ಅಂದರೆ ಏಲಕ್ಕಿ ಒಣಗಿಸುವ ಮನೆಯಲ್ಲಿ, ಬಿಸಿಗಾಳಿ ನೂಕುವ ದೊಡ್ಡ ಫ್ಯಾನು ಅದರ ಕಬ್ಬಿಣದ ಚೌಕಟ್ಟಿನಿಂದ ಕಿತ್ತು ಬಂದಿತ್ತು. ಬೋಲ್ಟುಗಳ ಮರೆಯೆಲ್ಲ ಸವೆದುಹೋಗಿತ್ತು. ಚೌಕಟ್ಟು ಕಾಂಕ್ರೀಟಿನಲ್ಲಿ ಹೂತಿದ್ದರಿಂದ ಅದನ್ನು ವರ್ಕ್‌ಶಾಪಿಗೆ ಇಳಿಸಿ ತರುವ ಹಾಗಿಲ್ಲ. ನಾವೇ ಮೆಷಿನು ಹೊತ್ತು ಹೋಗಬೇಕು. ಹಸಿ ಏಲಕ್ಕಿ ಕಾಯುವುದಿಲ್ಲ. ಕೊಯ್ದ ಮೇಲೆ ಬೇಗ ಬಿಸಿ ಕಾಣದಿದ್ದರೆ ಹಸಿರು ಹೋಗಿ ಬೂದಿಬಣ್ಣವಾಗುತ್ತದೆ, ಆಮೇಲೆ ಕೇಳುವವರಿಲ್ಲ. ಯಜಮಾನರು ತಾವೇ ಮೊದಲು ಜೀಪು ಹತ್ತಿ ಕೂತರು. ಹೊಸ ಅಂಗಿ ಹಾಕಿಕೊಂಡಿದ್ದರು. ಅವರ ಬೆರಳಿಗೆ ಸಿಗದ ಗುಂಡಿಗಳನ್ನು ನಾನೇ ಹಾಕಿದ್ದೆ.

ಬೋಡಿಮೆಟ್ಟು ಘಾಟಿಯ ತಿರುವುಗಳನ್ನು ಹತ್ತಿ ಮೇಲೆ ಹೋದಾಗ ಸ್ಟೋರಿನ ನೆಲದ ತುಂಬ ಹಸಿರು ರಾಶಿ. ಅದರ ಸುತ್ತ ಕೂತ ಕೊಯ್ಲಿನ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು. ಯಜಮಾನರು ಚೌಕಟ್ಟನ್ನು ಮುಟ್ಟಿ, ಕಣ್ಣು ಕಿರಿದು ಮಾಡಿ ಸುರುಳಿಗೆ ಹೇಳಿದರು: “ಹಳೇ ತೂತ ಹಿಗ್ಗಿಸಿ ರೀಮರ್ ಓಡಿಸಬೇಕು, ಆಮೇಲೆ ದೊಡ್ಡ ಟ್ಯಾಪು.” ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ತೊಂದರೆ ಇದ್ದದ್ದು ಜಾಗದಲ್ಲಿ. ತೂತುಗಳು ಚೌಕಟ್ಟಿನ ಹಿಂಬದಿಗಿದ್ದವು. ಗೋಡೆಗೂ ಚೌಕಟ್ಟಿಗೂ ನಡುವೆ ಒಬ್ಬರು ನುಸುಳಿ ಕೂರುವಷ್ಟೇ ಜಾಗ. ಸುರುಳಿಯ ಹೊಟ್ಟೆ ಅಲ್ಲಿ ಹೋಗುವುದಿಲ್ಲ. ನಾನು ಸೆರಗು ಸಿಕ್ಕಿಸಿ ನುಸುಳಿದೆ. ನನ್ನ ಹಿಂದೆ ನಿಲ್ಲಲು, ಹೆಗಲ ಮೇಲೆ ಕೈ ಇಡಲು ಎಡೆಯಿರಲಿಲ್ಲ.

ಯಜಮಾನರು ಹೊರಗೆ ನಿಂತು ಬಗ್ಗಿ ಬಗ್ಗಿ ನೋಡಿದರು. ಅವರಿಗೆ ಕಾಣುತ್ತಿರಲಿಲ್ಲ. ಬಗ್ಗಿದಾಗ ಕಾಲೂ ನಡುಗಿತು. ಎಸ್ಟೇಟಿನ ಮ್ಯಾನೇಜರು ಒಳ್ಳೆಯ ಮನುಷ್ಯ. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದೂರದಲ್ಲಿ ಹಾಕಿದ. “ಅಣ್ಣೇ, ನೀಂಗ ಉಕ್ಕಾರುಂಗ. ಅಕ್ಕಾ ಪಾತ್ತುಕ್ಕುವಾಂಗ.” ಅಣ್ಣಾ, ನೀವು ಕೂತುಕೊಳ್ಳಿ, ಅಕ್ಕ ನೋಡಿಕೊಳ್ಳುತ್ತಾರೆ. ಅದರಲ್ಲಿ ಮರ್ಯಾದೆಯ ಹೊರತು ಬೇರೇನೂ ಇರಲಿಲ್ಲ. ಚೌಕಟ್ಟಿನ ಸಂದಿಯಿಂದ ನೋಡಿದೆ. ಅವರು ಕುರ್ಚಿಯಲ್ಲಿ ಕೂತು, ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು, ಏಲಕ್ಕಿ ರಾಶಿಯನ್ನು ನೋಡುತ್ತಿದ್ದರು.

ನಾನು ಒಬ್ಬಳೇ ಮಾಡಿದೆ. ಬಲಕ್ಕೆ ಒಂದಿಷ್ಟು, ಇಷ್ಟಲ್ಲ ಇಷ್ಟು ಎಂದು ನನಗೆ ನಾನೇ ಹೇಳಿಕೊಂಡು ಒಂದೊಂದು ತೂತನ್ನೂ ಸವರಿ ಮರೆ ಹಾಕಿದೆ. ಕೈ ಬಿಗಿಯಿತು, ಬೆವರು ಕಣ್ಣಿಗಿಳಿಯಿತು, ಟ್ಯಾಪು ಮುರಿಯಲಿಲ್ಲ. ಫ್ಯಾನು ಕೂತಿತು, ಒಲೆ ಹತ್ತಿತು, ಬಿಸಿಗಾಳಿಗೆ ಏಲಕ್ಕಿಯ ಗಮ್ಮೆನ್ನುವ ವಾಸನೆ ಎದ್ದಿತು. ಹೆಂಗಸರು ನನ್ನ ಕೈ ಮುಟ್ಟಿ ನೋಡಿ ನಕ್ಕರು. ಮ್ಯಾನೇಜರು ಖುಷಿಯಲ್ಲಿ, ಅಕ್ಕ ಅಣ್ಣನಿಗಿಂತಲೂ ನೀಟಾಗಿ ಮಾಡಿದ್ದಾರೆ ಎಂದುಬಿಟ್ಟ. ಯಜಮಾನರು “ಆಮಾ, ಆಮಾ” ಎಂದು ತಲೆಯಾಡಿಸಿದರು. ಹೌದು, ಹೌದು. ಆ ತಲೆಯಾಡಿಸುವಿಕೆಯನ್ನು ನೋಡಿದಾಗ, ಒಂದು ತೂತಾದರೂ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಕೆಲಸ ಕೆಟ್ಟರೆ ಅಳುವವರನ್ನು ನೋಡಿದ್ದೇನೆ. ಕೆಲಸ ಸರಿಹೋದದ್ದಕ್ಕೆ ಅಳಬೇಕೆನಿಸಿದವಳು ನಾನೊಬ್ಬಳೇ ಇರಬೇಕು.

ಮಲೆ ಇಳಿಯಲು ಹೊರಟಾಗ ಅವರು ಎಲ್ಲರಿಗಿಂತ ಕೊನೆಗೆ ಜೀಪು ಹತ್ತಿದರು. ಮರುದಿನ ವರ್ಕ್‌ಶಾಪಿಗೆ ಬರಲಿಲ್ಲ. ಮೈ ನೋವು ಎಂದರು. ಅದರ ಮರುದಿನವೂ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಗೋಡೆಗೊರಗಿ ಕೂತರು, ಕೂತೇಬಿಟ್ಟರು. ಸುರುಳಿ ಕರೆದ, ಬರಲಿಲ್ಲ. ಮದುವೆಯಾಗಿ ಆಂಡಿಪಟ್ಟಿಯಲ್ಲಿರುವ ಮಗಳು ಬಂದು ಹೇಳಿದಳು, ಕೇಳಲಿಲ್ಲ. ಕೊನೆಗೆ ನಾನು ಒಂದು ಉಪಾಯ ಹೂಡಿದೆ. ಅರ್ಧ ಹಾಕಿದ ಮರೆಯನ್ನು ಹಾಗೇ ಬಿಟ್ಟು ಒಳಗೆ ಹೋಗಿ, “ನನಗೆ ಆಗ್ತಾ ಇಲ್ಲ, ಕೋಣಲಾ ಹೋಗ್ತಾ ಐತೆ, ಬಂದು ಒಂದ್ಸಲ ನೋಡಿ” ಎಂದೆ.

“ಇಲ್ಲ, ನಂಜಮ್ಮ,” ಎಂದರು. “ಸದ್ದು ಕೇಳ್ತಾ ಇದ್ದೆ. ನೇರಾನೇ ಹೋಗ್ತಾ ಇತ್ತು.”

ಒಂದೇ ಗೋಡೆಯಲ್ಲವೇ ನಡುವೆ! ಮೆಷಿನು ಸುಖವಾಗಿ ತಿರುಗುವ ಸದ್ದು, ತಿಣುಕುವ ಸದ್ದು, ಎಲ್ಲವೂ ಅವರಿಗೆ ಗೊತ್ತು. ಗೋಡೆಯಾಚೆ ಕೂತು ದಿನವಿಡೀ ನನ್ನ ಕೆಲಸವನ್ನು ಕೇಳಿಸಿಕೊಳ್ಳುತ್ತಿದ್ದರು. ತನ್ನ ಕೆಲಸ ತಾನಿಲ್ಲದೆ ನೆಟ್ಟಗೆ ನಡೆಯುವುದನ್ನು ಒಬ್ಬ ಮನುಷ್ಯ ಹೀಗೆ ಪ್ರತಿದಿನ ಕಿವಿಯಿಂದ ಕುಡಿಯಬೇಕಾದರೆ ಆ ಕಹಿ ಎಷ್ಟಿರಬೇಕು! ಮಗಳು, “ಅಮ್ಮಾ, ಮೆಷಿನು ಮಾರಿಬಿಡು” ಎಂದಳು. ಮಾರಬಹುದಿತ್ತು. ಮಾರಿದರೆ ಅವರ ಕೈ ತಿರುಗಿ ಬರುತ್ತದೆಯೇ? ಸುರುಳಿಯ ಮನೆಯ ಒಲೆ ಹೇಗೆ ಉರಿಯಬೇಕು? ಮಾರದೆ ಇಟ್ಟುಕೊಂಡರೆ ಗೋಡೆಯಾಚೆಗೆ ಸದ್ದು. ಎರಡು ಕಡೆಯೂ ಮುಚ್ಚಿದ ದಾರಿ. ಕೆಲವರು ದೇವರಿಗೆ ಬಿಡು ಎಂದರು. ದೇವರು ಕಬ್ಬಿಣದ ಕೆಲಸ ಮಾಡಿದವನಲ್ಲ. ಒಳಗೆ ಮುರಿದುಕೊಂಡ ತುಂಡನ್ನು ತೆಗೆಯುವ ಉಪಾಯ ಅವನಿಗೂ ತಿಳಿದಂತೆ ಕಾಣಲಿಲ್ಲ.

ವರ್ಷ ಉರುಳುತ್ತಿದೆ. ಈಗ ನಡುಕ ಎರಡೂ ಕೈಗೆ ಬಂದಿದೆ. ಮಾತು ಸಣ್ಣಗಾಗಿದೆ, ಕಿವಿ ಹತ್ತಿರ ಒಯ್ಯಬೇಕು. ಅನ್ನ ನಾನೇ ಕಲಸಿ ತಿನ್ನಿಸುತ್ತೇನೆ. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ. ಅದೂ ಕಾಯಿಲೆಯದೇ ಲಕ್ಷಣ, ತಪ್ಪು ತಿಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಯಾವುದು ಕಾಯಿಲೆಯ ಮೌನ, ಯಾವುದು ನನ್ನ ಮೇಲಿನ ಮೌನ ಎಂದು ಡಾಕ್ಟರು ಹೇಳಲಿಲ್ಲ. ಒಳ್ಳೆಯದಾಗುತ್ತದೆ ಎಂದು ಹೇಳುವವರು ಮನೆಗೆ ಬರುವುದು ಕಡಿಮೆಯಾಗಿದೆ. ನಾನೂ ಆ ಮಾತು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಆಸೆ ಬಿಟ್ಟರೆ ಹಗುರವಾಗುತ್ತದೆ ಎನ್ನುತ್ತಾರೆ. ನನಗಂತೂ ಹಾಗಾಗಿಲ್ಲ.

ಆದರೆ ಈ ಕಾಯಿಲೆಗೆ ಒಂದು ಗುಣವಿದೆ. ನಿದ್ದೆ ಹತ್ತಿದರೆ ನಡುಕ ನಿಲ್ಲುತ್ತದೆ. ಮಧ್ಯಾಹ್ನ ಊಟದ ಮೇಲೆ ಅವರು ಮಲಗುತ್ತಾರೆ, ಸ್ವಲ್ಪ ಹೊತ್ತಿಗೆ ಆ ಕೈ ಎದೆಯ ಮೇಲೆ ಕಲ್ಲಿನ ಹಾಗೆ ಸುಮ್ಮನಾಗುತ್ತದೆ. ಕಬ್ಬಿಣದ ಚೂರು ಗೀರಿದ ಹಳೆಯ ಗುರುತುಗಳು, ಹೆಬ್ಬೆರಳ ಬುಡದ ದಡ್ಡು, ಎಲ್ಲ ಹಾಗೇ ಇವೆ. ಆಗ ನಾನು ಮೆಷಿನು ನಿಲ್ಲಿಸಿ ಬಂದು ಮಂಚದ ಪಕ್ಕ ಕೂರುತ್ತೇನೆ. ಗಿರಾಕಿಗಳು ಹೊರಗೆ ಗೊಣಗುತ್ತಾರೆ. ಸುರುಳಿ ಏನೋ ಹೇಳಿ ಅವರನ್ನು ಕೂರಿಸುತ್ತಾನೆ.

ಮೊನ್ನೆ ಹಾಗೆ ಕೂತಿದ್ದಾಗ ಅವರಿಗೆ ಎಚ್ಚರವಾಯಿತು. ಕೈ ಮತ್ತೆ ಶುರುಮಾಡಿತು. ಅವರು ಏನೋ ಅಂದರು. ಕಿವಿ ಹತ್ತಿರ ಒಯ್ದೆ.

“ಮೆಷಿನ್ ಯಾಕೆ ನಿಂತುಹೋಯ್ತು?”

“ಕರೆಂಟು ಹೋಯ್ತು” ಎಂದೆ.

ಅವರು ಮೇಲೆ ನೋಡಿದರು. ನಾನೂ ನೋಡಿದೆ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡು, ಬಹಳ ಮೆಲ್ಲಗೆ, “ಸೆರಿ. ಬರೋವರೆಗೆ ಇಲ್ಲೇ ಕೂತಿರು” ಎಂದರು.